ಯಾಗಾನಾಳ ಕಳೆ ಹೊಲ

ಜಾರಿಯಾ ಪಟ್ಟಣದ ಹೊರವಲಯದ ಬೀಜ ಕೇಂದ್ರದಲ್ಲಿ ನನ್ನ ಹುದ್ದೆಯ ಹೆಸರು ಪ್ರಯೋಗಾಲಯ ಸಹಾಯಕ. ಕೆಲಸ ಮಾತ್ರ ಅಲಸಂದೆ ಎಲೆಗೆ ತೂತು ಹೊಡೆದು ಚೂರುಗಳನ್ನು ಕೊಳವೆಗೆ ತುಂಬುವುದು. ಅಮ್ಮ ಊರಲ್ಲೆಲ್ಲ ನನ್ನನ್ನು ಡಾಕ್ಟರ್ ಎಂದು ಹೇಳಿಕೊಂಡಿದ್ದಾಳೆ. ನಾನು ತಿದ್ದಲು ಹೋಗಿಲ್ಲ.

ಹೂವಿಗೆ ಹೂ ಕೂಡಿಸುವವಳು ಯಾಗಾನಾ. ಚಿಮುಟದಲ್ಲಿ ಮೊಗ್ಗು ಬಿಡಿಸುವಾಗ ಉಸಿರು ಹಿಡಿಯುತ್ತಾಳೆ, ಮುಗಿದ ಕೂಡಲೇ ಬಾಯಿ ಬಿಡುತ್ತಾಳೆ. ಆಕೆ ಕನೂರಿ ಬುಡಕಟ್ಟಿನವಳು, ನಾನು ಫುಲಾನಿ. ನಮ್ಮಿಬ್ಬರ ಜನ ಎದುರಾದಾಗ ಒಬ್ಬರನ್ನೊಬ್ಬರು ಗುಲಾಮ ಎಂದು ಕಾಲೆಳೆಯದೆ ಹೋದರೆ ಅದೇ ಅವಮಾನ.

"ಏ ಗುಲಾಮಾ, ತೂತು ಹೊಡೆದಾಯ್ತಾ?"

"ಅತ್ತೆ, ನಿನ್ನನ್ನ ಕೊಳ್ಳೋಕೆ ನಮ್ಮಜ್ಜ ಒಂದು ಕುಂಟು ಕರು ಕೊಟ್ಟಿದ್ದ."

"ಪಾಪ, ನಿಮ್ಮ ಮನೇಲಿ ಬುದ್ಧಿ ಇದ್ದಿದ್ದು ಆ ಕರುವಿಗೊಂದೇ!"

ಅಲಸಂದೆಯ ಬೇರು ಹೀರುವ ಕಳೆಯನ್ನು ತಡೆಯುವ ತಳಿಯೊಂದು ನಮ್ಮಲ್ಲಿತ್ತು. ಆದರೆ ಅದರ ಕಾಳಿನ ಸಿಪ್ಪೆ ನುಣುಪು, ನೆನೆಸಿ ಉಜ್ಜಿದರೂ ಬಿಡದು. ಸಿಪ್ಪೆ ಬಿಡದಿದ್ದರೆ ಕೋಸೈ ವಡೆಯಿಲ್ಲ. ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಸುಲಭವಾಗಿ ಸುಲಿಯುವ ಒರಟು ಸಿಪ್ಪೆಯ ತಳಿಯೊಂದಿಗೆ ಕೂಡಿಸಿ ನೋಡಿದೆವು. ಕಳೆ ತಡೆದ ಗಿಡಗಳಲ್ಲೆಲ್ಲ ಮತ್ತದೇ ನುಣುಪು.

ಮುಖ್ಯಸ್ಥರಾದ ಡಾಕ್ಟರ್ ಬಿಟ್ರಸ್ ಯಾಗಾನಾಳಿಗೆ ಹೇಳಿದರು: "ಈ ಎರಡು ಗುಣ ಒಂದೇ ಹಗ್ಗಕ್ಕೆ ಪಕ್ಕಪಕ್ಕ ಕಟ್ಟಿದ ಮೇಕೆಗಳ ಥರ ಕಣಮ್ಮ. ಹಗ್ಗ ಬೇರೆಲ್ಲಿ ತುಂಡಾದ್ರೂ ಜೊತೇಲೇ ಹೋಗ್ತವೆ. ಸರಿಯಾಗಿ ಇವೆರಡರ ನಡುವೇನೇ ತುಂಡಾಗ್ಬೇಕು."

"ನಡುವೆ ಹಗ್ಗ ಇದೆಯೋ, ಇಲ್ವೋ?"

"ಇದೆ. ಎಲೆ ಪರೀಕ್ಷೆಯಲ್ಲಿ ಇವನು ಅಳೆದಿದಾನೆ. ತೀರಾ ಗಿಡ್ಡ. ನೂರಕ್ಕೊಂದು ಗಿಡ ಸಿಕ್ಕೀತು. ಅಷ್ಟು ಗಿಡ ಹಾಕೋಕೆ ಕಳೆ ತುಂಬಿದ ನೆಲ ಬೇಕಲ್ಲ? ನಮ್ಮದು ಅಂಗೈಯಗಲ. ಈ ಸಲಕ್ಕೆ ಕೈಬಿಡೋಣ."

"ಹಗ್ಗ ಇದೆ ಅಂದ್ಮೇಲೆ ತುಂಡಾಗೇ ಆಗತ್ತೆ. ನನ್ನ ಹೊಲ ತಗೊಳ್ಳಿ. ಅಷ್ಟು ಕಳೆ ಎಲ್ಲೂ ಸಿಗಲ್ಲ."

ಆ ಕಳೆ ಜೋಳದ ತಂಟೆಗೆ ಹೋಗದು; ಅಲಸಂದೆ ಬಾರದ ಆ ಹೊಲದಲ್ಲೇ ಅವಳ ಮನೆಯ ವರ್ಷದ ಜೋಳ ಬೆಳೆಯುತ್ತಿತ್ತು. "ಊಟಕ್ಕೇನು ಮಾಡ್ತೀಯ ಅತ್ತೆ?" ಎಂದೆ.

"ನಿನ್ನ ಸಂಬಳದಲ್ಲಿ ತಿಂತೀನಿ. ಗುಲಾಮರು ಇರೋದು ಯಾಕೆ?"

ಕೂಡಿಸಿದ ತಳಿಯ ಬೀಜವನ್ನು ಆ ಹೊಲದಲ್ಲೇ ಬಿತ್ತಿದೆವು. ಕಾಲುಭಾಗ ಗಿಡ ಹಳದಿಯಾಗಿ ಕುಸಿಯಿತು, ಉಳಿದವು ನಿಂತವು. ಕಾಯಿ ಒಣಗಿದ ಮೇಲೆ ನಿಂತ ಗಿಡಗಳ ಕಾಯಿ ಬಿಡಿಸುತ್ತ ಸಾಲು ಹಿಡಿದೆವು. ನುಣುಪು, ನುಣುಪು, ನುಣುಪು. ನಾನೇ ಅಳೆದ ಹಗ್ಗದ ಮೇಲೆ ನನಗೇ ಅನುಮಾನ ಹತ್ತಿತು. ಯಾಗಾನಾಳ ಕೈ ಮಾತ್ರ ನಿಧಾನವಾಗಲಿಲ್ಲ.

ಹೊಲದ ಆಚೆ ಅಂಚಿಗೆ ಬರುವಾಗ ಅವಳು ಬಿಡಿಸಿದ ಕಾಯಿಯಲ್ಲಿ ಬಿಳಿಯ ಕಾಳು. ನೆರಿಗೆ ನೆರಿಗೆಯಾಗಿ ಒರಟು. ಗಿಡದ ಬುಡದಲ್ಲಿ ಒಂದು ಕಳೆಯೂ ಇಲ್ಲ. ನಾನು ಕೂಗುವಷ್ಟರಲ್ಲಿ ಅವಳು ಒಂದು ಕಾಳನ್ನು ದವಡೆಗೆ ಒತ್ತಿಕೊಂಡಿದ್ದಳು.

"ಅಯ್ಯೋ, ಉಗಿಯಮ್ಮಾ! ಒಂದೊಂದು ಕಾಳೂ ಬೀಜ!" ಬಿಟ್ರಸ್ ಓಡಿ ಬಂದರು.

ಅವಳು ಕಾಳನ್ನು ಬಾಯಲ್ಲೇ ಚೆನ್ನಾಗಿ ನೆನೆಯಲು ಬಿಟ್ಟು, ಆಮೇಲೆ ಹೊರತೆಗೆದು, ಹೆಬ್ಬೆರಳಲ್ಲಿ ಒಮ್ಮೆ ಒತ್ತಿದಳು. ಸಿಪ್ಪೆ ಜಾರಿತು.

ಬಿಟ್ರಸ್ ಆ ಸಿಪ್ಪೆಯನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದರು. ಯಾಗಾನಾ ಆಗಲೇ ಮುಂದಿನ ಗಿಡಕ್ಕೆ ಬಗ್ಗಿದ್ದಳು.