ಅರ್ಧ ಹಾರ

ಕೊಟ್ಟೂರಿನ ನಮ್ಮ ಗರಡಿಯ ಉಸ್ತಾದರು ಯಾವ ಜಗಳಕ್ಕೂ ಒಂದೇ ಮಾತು ಹೇಳುತ್ತಿದ್ದರು: "ಬೆನ್ನು ಮಣ್ಣಿಗೆ ಹತ್ತೋತನಕ ಯಾರು ಸೋತ್ರು ಅಂತ ಹೇಳಬ್ಯಾಡ್ರಲೇ." ಹೇಳುತ್ತಾ ಅಂಗೈಯ ಕೆಮ್ಮಣ್ಣನ್ನು ತೊಡೆಗೆ ಒರೆಸಿಕೊಳ್ಳುತ್ತಿದ್ದರು.

ಕೊಲೆ ಮಾಡಿ ಜೈಲು ಸೇರಿದ್ದ ಅವರ ಶಿಷ್ಯ, ಹೆಸರುವಾಸಿ ಪೈಲ್ವಾನ, ಅಲ್ಲೇ ತಾನಾಗಿ ಜೀವ ಕಳೆದುಕೊಂಡ. ಗರಡಿಯ ಗೋಡೆಯ ಮೇಲಿದ್ದ ಅವನ ಫೋಟೋಕ್ಕೆ ಹಾರ ಹಾಕಬೇಕೋ ಬೇಡವೋ ಎಂದು ವಾದ ಎದ್ದಿತು.

"ತನ್ನ ತಪ್ಪಿಗೆ ತಾನೇ ಶಿಕ್ಷೆ ಕೊಟ್ಕಂಡಾನ," ಎಂದರು ಕೆಲವರು.

"ಶಿಕ್ಷೆ ಮುಗಿಸದ ಓಡಿ ಹೋಗ್ಯಾನ. ಯಾತರ ಹಾರ?" ಎಂದರು ಉಳಿದವರು.

ಉಸ್ತಾದರು ಹಡಗಲಿ ಮಲ್ಲಿಗೆಯ ಹಾರ ತಂದು, ನಡುವೆ ಹರಿದು, ಅರ್ಧವನ್ನು ಫೋಟೋಕ್ಕೆ ಹಾಕಿದರು. ಉಳಿದರ್ಧ ಹಿಡಿದು ಕೊಲೆಯಾದವನ ಮನೆಗೆ ನಡೆದರು.

ಮರಳಿದಾಗ ಕೈಯಲ್ಲಿ ಹಾರವಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ಉಸ್ತಾದ್ರ, ಅವ್ರು ತಗಂಡ್ರೇನ್ರಿ?"

ಉಸ್ತಾದರ ಅಂಗೈಯಲ್ಲಿ ಮಣ್ಣಿರಲಿಲ್ಲ, ಆದರೂ ತೊಡೆಗೆ ಒರೆಸಿಕೊಳ್ಳುತ್ತಲೇ ಇದ್ದರು.