ಹೊಳೆಯುವ ಕಪ್ಪು

ಚನ್ನಪಟ್ಟಣದಲ್ಲಿ ಇಪ್ಪತ್ತು ವರ್ಷ ಬೊಂಬೆಗಳಿಗೆ ಕಣ್ಣು, ಮೀಸೆ ಬರೆದ ಬೋರಮ್ಮ ೨೦೦೬ರಲ್ಲಿ ಬಿಡದಿಯ ಒಂದು ಸಣ್ಣ ಕಾರ್ಖಾನೆಗೆ ಸೇರಿದಳು. ಅಲ್ಲಿ ಅವಳಿಗೆ ಇದ್ದದ್ದು ಒಂದೇ ಬಣ್ಣ, ಕಪ್ಪು. ಉಪಗ್ರಹದ ಕ್ಯಾಮೆರಾಕ್ಕೆ ತೊಡಿಸುವ ಕೊಳವೆಯ ಒಳಮೈಗೆ ಅದನ್ನು ಬಳಿಯಬೇಕು. ಆ ಕ್ಯಾಮೆರಾ ನಕ್ಷತ್ರಗಳನ್ನು ನೋಡಿ, ತನ್ನೊಳಗಿನ ನಕ್ಷೆಗೆ ಹೋಲಿಸಿ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂಬುದನ್ನು ಭೂಮಿಯವರನ್ನು ಕೇಳದೆ ತಾನೇ ಹೇಳುತ್ತದೆ. ಪಕ್ಕದಿಂದ ನುಗ್ಗುವ ಬಿಸಿಲನ್ನು ಕೊಳವೆ ನುಂಗಿಬಿಡಬೇಕು. ಇಲ್ಲದಿದ್ದರೆ ಕ್ಯಾಮೆರಾ ಕುರುಡು.

ಮೂರನೆಯ ವರ್ಷ ಬೇರೆ ಕಂಪನಿಯ ಬಣ್ಣ ಬಂತು. ಬಳಿದದ್ದು ಒಣಗಿದ ಮೇಲೆ ಬೋರಮ್ಮ ಕೊಳವೆಯನ್ನು ಬೆಳಕಿಗೆ ಓರೆಯಾಗಿ ಹಿಡಿದಳು. ಒಳಗೆಲ್ಲ ಎಣ್ಣೆ ಹಚ್ಚಿದ ತಲೆಯಂತೆ ಮಿರುಗು.

"ಸಾ, ಈ ಬಣ್ಣ ಹೊಳೀತೈತೆ. ಬ್ಯಾಡ ಇದು," ಎಂದಳು ಮ್ಯಾನೇಜರ್ ಜಯಕುಮಾರ್‌ಗೆ.

"ಬಳಿಯೋದಷ್ಟೇ ನಿನ್ ಕೆಲ್ಸ. ಬಳಿ."

ಆರು ಕೊಳವೆ ಉಪಗ್ರಹ ಕೇಂದ್ರಕ್ಕೆ ಹೋದವು, ಆರೂ ವಾಪಸ್ ಬಂದವು. ಪರೀಕ್ಷೆಯಲ್ಲಿ ಕ್ಯಾಮೆರಾ ಒಳಮೈಯ ಹೊಳಪನ್ನೇ ನಕ್ಷತ್ರವೆಂದು ತಿಳಿದುಬಿಟ್ಟಿತ್ತು. ಮರುದಿನ ನೋಟಿಸ್ ಬೋರ್ಡಿನಲ್ಲಿ ಕಾಗದ ಬಿತ್ತು: ಬೋರಮ್ಮ ಅಜಾಗರೂಕತೆಯಿಂದ ಬಣ್ಣ ದಪ್ಪಗೆ ಬಳಿದದ್ದೇ ಕಾರಣ.

ಅವಳ ಮೈಯೆಲ್ಲ ಉರಿದುಹೋಯಿತು. ಕೂದಲೆಳೆಯಂಥ ಮೀಸೆ ಬರೆದ ಕೈಯಿದು! ದಪ್ಪಗೆ ಬಳಿಯಿತಂತೆ!

ವಿಚಾರಣೆಗೆ ಆ ಕೇಂದ್ರದ ಎಂಜಿನಿಯರ್ ಚೈತನ್ಯ ಬಂದ ದಿನ ಬೋರಮ್ಮ ಯಾರ ಅಪ್ಪಣೆಗೂ ಕಾಯದೆ ಮೀಟಿಂಗ್ ಕೋಣೆಗೆ ನುಗ್ಗಿದಳು. ಎರಡು ತಗಡಿನ ಚೂರು ಮೇಜಿನ ಮೇಲಿಟ್ಟಳು. ಒಂದಕ್ಕೆ ಹಳೇ ಡಬ್ಬಿಯ ತಳದಲ್ಲಿ ಉಳಿದಿದ್ದ ಬಣ್ಣ, ಇನ್ನೊಂದಕ್ಕೆ ಹೊಸದು.

"ಮೇಡಂ, ಎರಡೂ ಇದೇ ಕೈ, ಒಂದೇ ಬ್ರಶ್ಶು. ಟಾರ್ಚ್ ಬುಟ್ಟು ನೋಡಿ. ಯಾವ್ದು ಹೊಳೀತೈತೆ, ನೀವೇ ಯೋಳಿ."

ಚೈತನ್ಯ ಟಾರ್ಚ್ ಹಾಕಿ ನೋಡಿದಳು. "ಇವರು ನಿಮಗೆ ಮೊದಲೇ ಹೇಳಿದ್ರಾ?" ಎಂದು ಜಯಕುಮಾರ್‌ನನ್ನು ಕೇಳಿದಳು. ಅವನು ಫೈಲಿನ ಪುಟ ತಿರುವಿದ.

ಹಳೆಯ ಬಣ್ಣವೇ ಮತ್ತೆ ಬಂತು. ಕಾರ್ಖಾನೆಯ ವರದಿಯಲ್ಲಿ ಮಾತ್ರ 'ಗುಣಮಟ್ಟ ವಿಭಾಗ ದೋಷ ಪತ್ತೆ ಹಚ್ಚಿತು' ಎಂದಿತ್ತು. ಬೋರ್ಡಿನ ಕಾಗದವೂ ಹಾಗೇ ಇತ್ತು.

ಬೋರಮ್ಮ ಬ್ರಶ್ ಕೆಳಗಿಟ್ಟಳು. "ಎಲ್ಲಾರ್ ಮುಂದೆ ಅಂಟಿಸಿದ್ರಿ, ಎಲ್ಲಾರ್ ಮುಂದೇನೇ ಕಿತ್ತಾಕಿ. ಅಲ್ಲೀಗಂಟ ನಾನು ಮುಟ್ಟಾಕಿಲ್ಲ."

ಎರಡು ದಿನ ಕೈಕಟ್ಟಿ ಕೂತಳು. ಬೇರೆಯವರು ಬಳಿಯಲು ಹೋಗಿ ಒಂದು ಕೊಳವೆ ಕೆಡಿಸಿದರು. ಮೂರನೆಯ ದಿನ ಊಟದ ಹೊತ್ತಿಗೆ ಜಯಕುಮಾರ್ ಎಲ್ಲರೆದುರು ಕಾಗದ ಕಿತ್ತ.

"ಸರೀನಾ?"

"ತಪ್ಪಾಯ್ತು ಅನ್ನಿ ಸಾ."

ಅವನು ಕೇಳಿಸದವನಂತೆ ಒಳಗೆ ಹೋದ. ಆ ಮಾತು ಅವನ ಬಾಯಿಂದ ಕೊನೆಗೂ ಬರಲಿಲ್ಲ. ಅಂದಿನಿಂದ ಬೋರಮ್ಮ ಹೊಸ ಡಬ್ಬಿ ತೆರೆದಾಗಲೆಲ್ಲ ಮೊದಲು ಒಂದು ತಗಡಿಗೆ ಬಳಿದು, ಅದರ ಬೆನ್ನಿಗೆ ಅವನ ಸಹಿ ಹಾಕಿಸಿಕೊಂಡೇ ಕೆಲಸಕ್ಕೆ ಕೂರುತ್ತಿದ್ದಳು.