ಮೃಗಶಿರದ ನೀರು

ಮುಳಬಾಗಿಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ವೆಂಕಟರಾಯಪ್ಪ ಮೇಷ್ಟ್ರು ಸೃಷ್ಟಿಯನ್ನು ಕಂಡು ಕೈಮುಗಿಯುವ ಜೀವ. ೧೯೮೨ರ ಬೇಸಗೆಯ ಕೊನೆಯಲ್ಲಿ, ಭಜನೆಮನೆಯಲ್ಲಿ ನನ್ನ ಪ್ರವಚನ ಮುಗಿದ ಮೇಲೆ, ಭಗವಂತನ ಆಕಾಶದ ವಿಷಯವಾಗಿ ಎರಡು ಮಾತು ಹೇಳಬೇಕೆಂದು ಅವರನ್ನು ಕೇಳಿಕೊಂಡೆ.

ಮೃಗಶಿರ ನಕ್ಷತ್ರದ ದಿಕ್ಕಿನಲ್ಲಿ ಭಾರಿ ತಾರೆಗಳು ಹುಟ್ಟುತ್ತಿರುವ ಮೋಡವೊಂದಿದೆಯೆಂದೂ, ಅಲ್ಲಿ ನೀರಿದೆಯೆಂದೂ, ಆ ನೀರಾವಿಯ ಚುಕ್ಕೆಗಳು ಮೇಸರ್ ಎಂಬ ಪ್ರಬಲ ರೇಡಿಯೋ ಅಲೆಗಳನ್ನು ಸೂಸುತ್ತವೆಯೆಂದೂ ಅವರು ತನ್ಮಯರಾಗಿ ವಿವರಿಸಿದರು. ಮೃಗಶಿರ, ಮೋಡ, ನೀರು: ಜನ ಕೇಳಿಸಿಕೊಂಡದ್ದು ಇಷ್ಟೇ. ಮೃಗಶಿರದ ಮಳೆ ಹುಟ್ಟುವ ಕಾಲವೂ ಹತ್ತಿರವಾಗಿತ್ತು.

ಮರುದಿನ ಬೆಳಿಗ್ಗೆ ನಾನೇ ಮೇಷ್ಟ್ರ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದೆ. ಗಂಡನನ್ನು ಕಳೆದುಕೊಂಡು ಒಬ್ಬಳೇ ಬೇಸಾಯ ಮಾಡುತ್ತಿದ್ದ ಅಕ್ಕಯಮ್ಮ, ಈ ಸಲ ಮಳೆ ಖಂಡಿತವೆಂದು ಒಣಮಣ್ಣಿಗೇ ಕಡಲೆಬೀಜ ಬಿತ್ತಲು ಹೊರಟಿದ್ದಳು. ಮಳೆ ತಡವಾದರೆ ಬೀಜವೆಲ್ಲ ಇರುವೆಗಳ ಪಾಲು. ಮತ್ತೆ ಬಿತ್ತಲು ಬೇರೆ ಬೀಜವಿಲ್ಲ. ಮೇಷ್ಟ್ರು ಕೂಡಲೇ ಸೈಕಲ್ ಹೊರಗೆಳೆದರು. ಅವರು ತುಳಿದರು. ನಾನು ಹಿಂದೆ ಕುಳಿತು ದಾರಿಯುದ್ದಕ್ಕೂ ಶ್ರೀಹರಿಯನ್ನು ಬೇಡಿಕೊಂಡೆ.

ಹೊಲದ ಒಂದು ಮೂಲೆ ಆಗಲೇ ಬಿತ್ತಾಗಿತ್ತು. ಮೇಷ್ಟ್ರು ಏದುಸಿರಿನಲ್ಲೇ ಎತ್ತುಗಳನ್ನು ತಡೆದು, ಅದು ಇಲ್ಲಿಗೆ ಬರುವ ನೀರಲ್ಲವೆಂದರು.

"ನೀವೇ ಹೇಳಿದ್ರಲ್ಲ ಸಾಮಿ, ಮೋಡ ಐತೆ, ನೀರೈತೆ ಅಂತ?" ಎಂದಳು ಅಕ್ಕಯಮ್ಮ.

"ಇದೆ ಕಣಮ್ಮ. ಆದ್ರೆ ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರೋಕೇ ಸಾವಿರದೈನೂರು ವರ್ಷ ಬೇಕು."

ಅಷ್ಟು ದೂರವನ್ನು ಯಾವ ಹಗ್ಗ ಹಿಡಿದು ಅಳೆದರೆಂದು ಅವಳು ಹಂಗಿಸಿದಳು. ಮೇಷ್ಟ್ರು ಹೆದ್ದಾರಿಯತ್ತ ಕೈ ತೋರಿಸಿದರು. ಹತ್ತಿರದ ಬಸ್ಸು ಸರ್ರನೆ ದಾಟುತ್ತದೆ. ಅದೇ ಬಸ್ಸು ದೂರದ ದಿಣ್ಣೆಯಲ್ಲಿ ತೆವಳಿದಂತೆ ಕಾಣುತ್ತದೆ. ಅದರ ನಿಜವಾದ ವೇಗ ಗೊತ್ತಿದ್ದರೆ, ಎಷ್ಟು ತೆವಳಿತೆಂಬುದರಿಂದ ದೂರ ಹೇಳಬಹುದು. ಹಾಗೆಯೇ ಆ ಮೋಡದ ನೀರಿನ ಚುಕ್ಕೆಗಳ ವೇಗವನ್ನು ಅವುಗಳ ಅಲೆಗಳಿಂದಲೇ ತಿಳಿದು, ಅವು ಆಕಾಶದಲ್ಲಿ ಕೂದಲೆಳೆಯಷ್ಟು ಸರಿಯುವುದನ್ನು ವಿಜ್ಞಾನಿಗಳು ವರ್ಷಾನುಗಟ್ಟಲೆ ಕಾದು ನೋಡಿದ್ದರು.

ಅಕ್ಕಯಮ್ಮ ಮಡಿಲಿನ ಬೀಜವನ್ನು ಬಿಗಿಯಾಗಿ ಕಟ್ಟಿಕೊಂಡಳು. "ನಿಲ್ಲಿಸ್ತೀನಿ. ನಾಳೇನೇ ಮಳೆ ಬಂದು ನನ್ ಹದ ತಪ್ಪಿದ್ರೆ ನಿಮ್ಮನ್ನ ಬಿಡಲ್ಲ."

ಅಂದಿನಿಂದ ಮೇಷ್ಟ್ರಿಗೆ ಮೋಡ ಕಂಡರೂ ಅಂಜಿಕೆ, ಕಾಣದಿದ್ದರೂ ಅಂಜಿಕೆ. ಪಾಠದ ನಡುವೆ ಕಿಟಕಿಗೆ ಹೋಗಿ ನಿಲ್ಲುವರು. ಮೃಗಶಿರ ಒಣಗಿಯೇ ಕಳೆಯಿತು. ಬಿತ್ತಿದ ಮೂಲೆಯಲ್ಲಿ ಒಂದು ಮೊಳಕೆಯೂ ಏಳಲಿಲ್ಲ. ಮುಂದಿನ ಆರಿದ್ರೆ ಮಳೆಯಲ್ಲಿ ದಯಾಮಯನು ಕಣ್ಣು ತೆರೆದನು. ಉಳಿದ ಬೀಜವೆಲ್ಲ ಹಸಿಮಣ್ಣು ಸೇರಿತು.

ಬಿತ್ತನೆ ಮುಗಿಸಿದ ಅಕ್ಕಯಮ್ಮ ಶಾಲೆಯ ಬಾಗಿಲಿಗೇ ಬಂದು ಹೇಳಿದಳು: "ಮೇಷ್ಟ್ರೇ, ಇನ್ಮೇಲೆ ಆಕಾಶದ ಮಾತು ಹೇಳೋವಾಗ ಎಷ್ಟು ದೂರ ಅನ್ನೋದನ್ನ ಮೊದಲು ಹೇಳ್ಬಿಡಿ."